ಕೆಂಪು ಗೋಲಿ ಇಳಿದ ದಾರಿ

ಕಾಲೇಜಿನ ಹಿಂಭಾಗದ ಕಟ್ಟಡದಲ್ಲಿ, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆದ ಒಂದು ಕೋಣೆ. ಅಲ್ಲಿ ಅವಳು ಹದಿನೆಂಟು ವರ್ಷದಿಂದ ಗಾಜಿನ ಗೋಲಿ ಆರಿಸುತ್ತಿದ್ದಳು. ಬಟಾಣಿಯಷ್ಟು ದಪ್ಪದ ಗೋಲಿಗಳು ಪೆಟ್ಟಿಗೆ ಪೆಟ್ಟಿಗೆ ಬರುತ್ತಿದ್ದವು. ಓರೆಯಾಗಿಟ್ಟ ಗಾಜಿನ ಹಲಗೆಯ ಮೇಲೆ ಹಿಡಿ ಹಿಡಿಯಾಗಿ ಸುರಿದು, ಕೆಳಗಿನಿಂದ ದೀಪ ಹಚ್ಚಿ, ಉರುಳಿ ಬರುವಾಗಲೇ ಒಂದೊಂದನ್ನೂ ನೋಡಬೇಕು. ಒಳಗೆ ಗಾಳಿಗುಳ್ಳೆ ಇದ್ದದ್ದು, ಮೈಗೆ ಗೀರು ಬಿದ್ದದ್ದು, ದುಂಡಗಿಲ್ಲದೆ ಕುಡಿದವರ ಹಾಗೆ ಓಲಾಡುತ್ತ ಬಂದದ್ದು ಎಡಗಡೆಯ ಬುಟ್ಟಿಗೆ. ಉಳಿದದ್ದು ಬಲಗಡೆಗೆ. ಆಮೇಲೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಬರಿಗೈ ತಾಗಿಸದೆ ಎತ್ತಿಡಬೇಕು. ಹಾಜರಿ ಪುಸ್ತಕದಲ್ಲಿ ಅವಳು ಪ್ರಯೋಗಾಲಯದ ಸಹಾಯಕಿ. ವಿದ್ಯಾರ್ಥಿಗಳಿಗೆ ಗೋಲಿಯಕ್ಕ.

"ನಮ್ಮನೆಯವಳು ದಿನಾ ಗೋಲಿ ಆಡೋಕೆ ಹೋಗ್ತಾಳೆ. ಅದಕ್ಕೆ ಸಂಬಳ ಬೇರೆ ಕೊಡ್ತಾರೆ" ಎಂದು ಗಂಡ ಬಂದವರ ಮುಂದೆಲ್ಲ ಹೇಳಿ ನಗಿಸುತ್ತಿದ್ದ. ಅವಳೂ ನಗುತ್ತಿದ್ದಳು. ಆ ಮಾತಿನಲ್ಲಿ ಚುಚ್ಚು ಇರಲಿಲ್ಲ.

ಮರಳಿನ ರಾಶಿ, ಕಾಳಿನ ರಾಶಿ, ಜಲ್ಲಿಯ ರಾಶಿ ಇವುಗಳ ಒಡಲಲ್ಲಿ ಏನು ನಡೆಯುತ್ತದೆ ಎಂದು ನೋಡುವುದು ಆ ಕೋಣೆಯ ಕಸುಬು. ರಾಶಿಯ ಹೊರಮೈ ಯಾರಿಗಾದರೂ ಕಾಣುತ್ತದೆ. ಒಳಗಿನದು ಕಾಣುವುದಿಲ್ಲ, ಮುಂದಿನ ಕಾಳು ಹಿಂದಿನ ಕಾಳಿಗೆ ಅಡ್ಡ. ಅದಕ್ಕೆ ಆ ಕೋಣೆಯ ಪ್ರೊಫೆಸರು ಕಾಳಿನ ಬದಲು ಗಾಜಿನ ಗೋಲಿ ತುಂಬಿಸಿ, ಸಂದುಗಳಲ್ಲಿ ಗಾಳಿಯ ಬದಲು ಎಣ್ಣೆ ಹಾಕಿಸುತ್ತಿದ್ದರು. ಬೆಳಕು ಗಾಜಿನಲ್ಲಿ ಎಷ್ಟು ಬಾಗುತ್ತದೋ ಎಣ್ಣೆಯಲ್ಲೂ ಅಷ್ಟೇ ಬಾಗುವಂತೆ ಹದ ಮಾಡಿದರೆ ಗೋಲಿಗಳು ಮಾಯವಾಗುತ್ತವೆ. ಸಾವಿರಾರು ಗೋಲಿ ತುಂಬಿದ ತೊಟ್ಟಿ ಬರೀ ಎಣ್ಣೆ ತುಂಬಿದಂತೆ ಕಾಣುತ್ತದೆ. ಆಮೇಲೆ ಎಣ್ಣೆಗೆ ಚೂರು ಬಣ್ಣ ಬೆರೆಸಿ, ಲೇಸರ್ ಬೆಳಕನ್ನು ಕಾಗದದಷ್ಟು ತೆಳ್ಳಗೆ ಹರಡಿ ಒಂದು ಪಕ್ಕದಿಂದ ಹಾಯಿಸಬೇಕು. ಬೆಳಕು ಕೊಯ್ದ ಕಡೆ ಎಣ್ಣೆ ಹೊಳೆಯುತ್ತದೆ, ಗೋಲಿಗಳು ಕಪ್ಪು ಬಿಲ್ಲೆಗಳಾಗಿ ಕಾಣುತ್ತವೆ. ಒಂದು ಫೋಟೊ. ಬೆಳಕನ್ನು ಕೂದಲೆಳೆಯಷ್ಟು ಸರಿಸಿ ಇನ್ನೊಂದು. ಹೀಗೆ ನೂರಾರು ಫೋಟೊಗಳನ್ನು ಒಂದರ ಹಿಂದೆ ಒಂದು ಜೋಡಿಸಿದರೆ ರಾಶಿಯ ಒಳಗು ಪೂರ್ತಿ ಕಣ್ಣೆದುರು ಬರುತ್ತದೆ.

ಎಣ್ಣೆಯ ಹದ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಎರಡು ಬಗೆಯ ಎಣ್ಣೆ ಬೆರೆಸುತ್ತ, ನಡುನಡುವೆ ಗೋಲಿಯದೇ ಗಾಜಿನ ಒಂದು ಕಡ್ಡಿ ಅದ್ದಿ ನೋಡುತ್ತಿದ್ದಳು. ಅದ್ದಿದಷ್ಟು ಭಾಗ ಕಣ್ಣಿಗೆ ಕಾಣದೆ ಹೋಯಿತೆಂದರೆ ಹದ ಬಂತು. ಕೋಣೆ ಒಂದು ಡಿಗ್ರಿ ಬಿಸಿಯಾದರೂ ಕಡ್ಡಿಯ ಅಂಚು ಮತ್ತೆ ಮೂಡಿಬಿಡುತ್ತಿತ್ತು. ಮೀಟರು ಹಿಡಿದು ಒದ್ದಾಡುವ ವಿದ್ಯಾರ್ಥಿಗಳು ಕೊನೆಗೆ ಅವಳ ಹತ್ತಿರವೇ ಬರುತ್ತಿದ್ದರು. "ಗೋಲಿಯಕ್ಕ, ಏನೂ ಕಾಣದ ಹಾಗೆ ಸ್ವಲ್ಪ ಮಾಡಿಕೊಡಿ" ಎಂದು ಕೇಳುತ್ತಿದ್ದರು.

ಈ ಕೆಲಸ ಹುಡುಕಿ ಕೊಟ್ಟವನು ಅವಳ ಅಣ್ಣ. ಅಪ್ಪ ಬೇಗ ತೀರಿಹೋದದ್ದರಿಂದ ಅವಳನ್ನು ಬೆಳೆಸಿ ಓದಿಸಿದವನೂ ಅವನೇ. ಊರಾಚೆಯ ದೊಡ್ಡ ಹಿಟ್ಟಿನ ಗಿರಣಿಯಲ್ಲಿ ಅವನು ಡಬ್ಬ ಕಾಯುವವನು. ಡಬ್ಬ ಎಂದರೆ ಗೋಧಿ ತುಂಬಿಡುವ ತಗಡಿನ ದೊಡ್ಡ ಗೋಪುರ. ನಾಲ್ಕು ಮಹಡಿ ಎತ್ತರ. ಮೇಲಿನಿಂದ ಗೋಧಿ ಸುರಿಯುತ್ತಾರೆ, ಕೆಳಗೆ ಒಂದು ಜಾರು ಗೇಟು, ಚಕ್ರ ತಿರುಗಿಸಿದರೆ ತೆರೆದುಕೊಂಡು ಗೋಧಿ ಲಾರಿಗೆ ಇಳಿಯುತ್ತದೆ. ಥಂಡಿಗೆ ಮೇಲಿನ ಗೋಧಿ ಗಟ್ಟಿಯಾಗಿ ಹೆಪ್ಪುಗಟ್ಟಿದರೆ ಅಣ್ಣ ಏಣಿ ಹತ್ತಿ ಹೋಗಿ ಉದ್ದನೆಯ ಕಬ್ಬಿಣದ ಸಲಾಕೆಯಿಂದ ಚುಚ್ಚಿ ಬಿಡಿಸುತ್ತಿದ್ದ. ಕೆಲಸ ಮುಗಿದು ಏಣಿಗೆ ಬಂದ ಮೇಲೆ ತಗಡಿಗೆ ಮೂರು ಸಲ ಬಡಿಯಬೇಕು. ಆಮೇಲೆಯೇ ಕೆಳಗಿನವನು ಗೇಟು ಮುಟ್ಟುವುದು.

ಆ ಕೆಳಗಿನವನೇ ಅವಳ ಗಂಡನಾದ. ಅಣ್ಣನಿಗಿಂತ ನಾಲ್ಕು ವರ್ಷ ಚಿಕ್ಕವನು. ಗಿರಣಿಗೆ ಸೇರಿಸಿದವನೂ, ಕೆಲಸ ಕಲಿಸಿದವನೂ, ಮನೆಗೆ ಕರೆತಂದವನೂ ಅಣ್ಣನೇ. "ಜಾಸ್ತಿ ಮಾತಾಡಲ್ಲ, ಆದ್ರೆ ಕೈ ಕೆಟ್ಟದ್ದಲ್ಲ" ಎಂದಷ್ಟೇ ತಂಗಿಗೆ ಹೇಳಿದ್ದ. ಮದುವೆಯಾದ ಮೇಲೆ ಗಂಡ ಅವನನ್ನು ಭಾವ ಎಂದು ಕರೆಯತೊಡಗಿದ. ಇಬ್ಬರೂ ಒಂದೇ ಪಾಳಿ, ಒಂದೇ ಬಸ್ಸು. ಊಟದ ಡಬ್ಬಿ ಯಾರದು ಯಾರ ಚೀಲದಲ್ಲಿದೆ ಎಂದು ಅವರಿಗೇ ಗೊತ್ತಿರುತ್ತಿರಲಿಲ್ಲ.

ಅವಳಿಗೆ ಮೂವತ್ತಮೂರು ವರ್ಷವಾಗಿದ್ದಾಗ ಒಂದು ಬೆಳಗ್ಗೆ ಕಾಲೇಜಿಗೆ ಫೋನು ಬಂತು. ಓಡಿಹೋಗಿ ಗಿರಣಿಯ ಅಂಗಳದಲ್ಲಿ ನಿಂತಾಗ ಅಗ್ನಿಶಾಮಕ ದಳದವರು ಡಬ್ಬದ ಬುಡದ ತಗಡನ್ನು ಕೊಯ್ಯುತ್ತಿದ್ದರು. ಗೋಧಿ ಹೊರಗೆ ಸುರಿದು ಅಂಗಳ ತುಂಬಿತು. ಮೊದಲು ಬೂಟು ಕಂಡಿತು. ಅಣ್ಣ ನಿಂತ ಹಾಗೆಯೇ ಇದ್ದ. ಎರಡೂ ಕಾಲು ಗೇಟಿನ ಬಾಯಿಯ ಹತ್ತಿರ ಸಿಕ್ಕಿಕೊಂಡಿದ್ದವು.

ಗಿರಣಿಯವರು ಹೇಳಿದ್ದು ಹೀಗೆ. ಹಿಂದಿನ ಸಂಜೆ ಎರಡು ಲಾರಿ ಗೋಧಿ ತೆಗೆದಿದ್ದರಿಂದ ಮೇಲಿನ ಹೆಪ್ಪಿನ ಅಡಿ ಸ್ವಲ್ಪ ಪೊಳ್ಳಾಗಿತ್ತು. ಬೆಲ್ಟು ಕಟ್ಟಿಕೊಳ್ಳದೆ, ಯಾರ ಅಪ್ಪಣೆಯೂ ಇಲ್ಲದೆ ಅವನು ಹೆಪ್ಪಿನ ಮೇಲೆ ಇಳಿದ, ಹೆಪ್ಪು ಒಡೆಯಿತು, ಕೆಸರು ಎಳೆದುಕೊಳ್ಳುವ ಹಾಗೆ ಗೋಧಿ ಅವನನ್ನು ಬುಡದವರೆಗೆ ಎಳೆದುಕೊಂಡಿತು. ಗೇಟು ಬೆಳಗ್ಗೆಯಿಂದ ಮುಚ್ಚಿಯೇ ಇತ್ತು. ತಪ್ಪು ಸತ್ತವನದು. ಹೀಗೆಂದು ಬರೆದು ಎಲ್ಲರ ಸಹಿ ಹಾಕಿಸಿಕೊಂಡು ಮ್ಯಾನೇಜರು ಕೈ ತೊಳೆದುಕೊಂಡ. ಕನಿಕರಕ್ಕೆಂದು ಅತ್ತಿಗೆಗೆ ಹಿಟ್ಟಿನ ಚೀಲದ ಬಾಯಿ ಹೊಲಿಯುವ ಕೆಲಸ ಕೊಟ್ಟರು.

ಗಂಡನನ್ನು ಅವಳು ಆಗ ಒಂದೇ ಒಂದು ಸಲ ಕೇಳಿದ್ದಳು. "ಗೇಟು ಮುಚ್ಚಿತ್ತು" ಎಂದಿದ್ದ ಅವನು. ಕೆಳಗೆ ನಿಂತವನೇ ಹಾಗೆ ಹೇಳಿದ ಮೇಲೆ ಇನ್ನೇನಿದೆ? ಅಣ್ಣ ಯಾಕೆ ಹಾಗೆ ಎಡವಟ್ಟು ಮಾಡಿಕೊಂಡ ಎಂದು ಅವಳು ಸತ್ತವನ ಮೇಲೆಯೇ ಸಿಟ್ಟು ಮಾಡಿಕೊಂಡಳು. ಆ ಸಿಟ್ಟು ಬಹಳ ದಿನ ಆರಲಿಲ್ಲ.

ಆಮೇಲೆ ಗಂಡ ಅತ್ತಿಗೆಯ ಮನೆಯನ್ನೂ ತನ್ನ ಮನೆಯಂತೆಯೇ ನಡೆಸಿದ. ತಿಂಗಳು ಶುರುವಾದರೆ ಮೊದಲು ಅವರ ಮನೆಗೆ ದಿನಸಿ ಚೀಲ ಹೊತ್ತು ಹಾಕಿ ಬಂದು ಆಮೇಲೆ ತನ್ನ ಮನೆಗೆ ತರುತ್ತಿದ್ದ. ಅಣ್ಣನ ಮಗಳ ಶಾಲೆಯ ಫೀಸು, ಜ್ವರ, ಹೊಸ ಚಪ್ಪಲಿ ಎಲ್ಲಕ್ಕೂ ಅವನೇ ಓಡುತ್ತಿದ್ದ. ತಮಗೆ ಮಕ್ಕಳಾಗದಿದ್ದದ್ದರ ಬೇಸರವೂ ಅದರಲ್ಲಿ ಕರಗಿತು. ಪಕ್ಕದ ಮನೆಯಾಕೆ, "ಹೆಂಡತಿಯ ತವರನ್ನ ಹೀಗೆ ನೋಡ್ಕೊಳ್ಳೋ ಗಂಡಸು ಎಲ್ಲಿದ್ದಾನೆ ಹೇಳು" ಎನ್ನುತ್ತಿದ್ದಳು. ಅವಳಿಗೆ ಒಳಗೊಳಗೇ ಹೆಮ್ಮೆ. ಮದುವೆಯಾದ ಹೊಸದರಲ್ಲಿ ಅವಳಿಗೆ ಅವನ ಮೇಲೆ ಇದ್ದದ್ದು ಸಲುಗೆ. ಪ್ರೀತಿ ಹುಟ್ಟಿದ್ದು ಆ ದಿನಸಿ ಚೀಲಗಳನ್ನು ನೋಡಿ.

ಹೀಗೆ ಹನ್ನೆರಡು ವರ್ಷ ಕಳೆಯಿತು. ಒಂದು ದಿನ ಪ್ರೊಫೆಸರು ಹೊಸ ಕೆಲಸ ತಂದರು. ಗಿರಣಿ ಮಾಲೀಕರ ಸಂಘದವರಿಗೆ ಡಬ್ಬದೊಳಗೆ ಕಾಳು ಯಾಕೆ ಸಿಕ್ಕಿಕೊಳ್ಳುತ್ತದೆ, ಹೇಗೆ ಇಳಿಯುತ್ತದೆ ಎಂದು ತಿಳಿಯಬೇಕಿತ್ತಂತೆ. ಸಂಶೋಧನೆಗೆ ಸೇರಿದ್ದ ಕನ್ನಡಕದ ಹುಡುಗಿಯೊಬ್ಬಳಿಗೆ ಅದನ್ನು ವಹಿಸಿದರು. ಪಾರದರ್ಶಕ ಹಾಳೆಯಿಂದ ಮೊಣಕೈ ಎತ್ತರದ ಡಬ್ಬ ಮಾಡಿದರು, ಅದರ ಬುಡಕ್ಕೆ ಜಾರು ಗೇಟು, ಗೇಟಿನ ಕೆಳಗೆ ಗೋಲಿ ಬೀಳಲು ಇನ್ನೊಂದು ತೊಟ್ಟಿ. ಎರಡರಲ್ಲೂ ಒಂದೇ ಎಣ್ಣೆ. ಗೋಲಿ ಆರಿಸಿ, ತೊಳೆದು, ಒಂದು ಗಾಳಿಗುಳ್ಳೆಯೂ ಉಳಿಯದಂತೆ ಚಮಚದಿಂದ ಇಳಿಬಿಟ್ಟು ತುಂಬಲು ಅವಳಿಗೆ ಎಂಟು ದಿನ ಹಿಡಿಯಿತು.

"ಅಕ್ಕ, ನಿಮಗೆ ಒಂದು ತಮಾಷೆ ತೋರಿಸ್ತೀನಿ" ಎಂದಳು ಹುಡುಗಿ. ಮೇಲೆ ನಡುವಿನಲ್ಲಿ ಒಂದು ಕೆಂಪು ಗೋಲಿ, ಗೋಡೆಯ ಪಕ್ಕಕ್ಕೆ ಕೆಲವು ನೀಲಿ ಗೋಲಿ ಇಟ್ಟಳು. ಬಣ್ಣದವಾದ್ದರಿಂದ ಅವು ಮಾಯವಾಗುವುದಿಲ್ಲ. ಖಾಲಿ ಎಣ್ಣೆಯ ಮೇಲೆ ಕೂತಂತೆ ಕಾಣುತ್ತಿದ್ದವು. ಗೇಟು ಎಳೆದಳು. ಕೆಂಪು ಗೋಲಿ ನೆಟ್ಟಗೆ, ಯಾರೋ ದಾರ ಕಟ್ಟಿ ಇಳಿಸಿದ ಹಾಗೆ, ನಡುಮಧ್ಯದಲ್ಲೇ ಇಳಿಯಿತು. ಪಕ್ಕದ ಗೋಡೆಗೆ ಅಂಟಿಕೊಂಡಂತೆ ಇಟ್ಟಿದ್ದ ನೀಲಿ ಗೋಲಿಗಳು ಕದಲಲೇ ಇಲ್ಲ. ಎರಡೂವರೆ ನಿಮಿಷಕ್ಕೆ ಕೆಂಪು ಗೋಲಿ ಗೇಟಿನ ಬಾಯಿಗೆ ಬಂತು. ಹುಡುಗಿ ಗೇಟು ಮುಚ್ಚಿದಳು. ಅದು ಅಲ್ಲೇ ನಿಂತಿತು.

"ನೋಡಿದ್ರಾ? ಡಬ್ಬದಲ್ಲಿ ಎಲ್ಲ ಒಟ್ಟಿಗೆ ಇಳಿಯಲ್ಲ. ನಡುವೆ ಒಂದು ಕಂಬ ಇಳಿಯುತ್ತೆ. ಆ ಕಂಬದ ಮೇಲಿದ್ದದ್ದು ಸೀದಾ ಬಾಯಿಗೆ."

ಅವಳು ಆ ಕೆಂಪು ಗೋಲಿಯನ್ನೇ ನೋಡುತ್ತ ನಿಂತಳು. ಅಂಗಳದಲ್ಲಿ ಕಂಡ ಬೂಟು ನೆನಪಾಯಿತು. ಹೆಪ್ಪು ಒಡೆದರೂ ಹೀಗೇ ಆಗಬಹುದಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಹದಿನೈದು ದಿನ ಬಿಟ್ಟು ಹೆಪ್ಪಿನ ಸರದಿ ಬಂತು. ಮೇಲಿನ ಎರಡು ಸಾಲು ಗೋಲಿಗಳನ್ನು ಅಂಟಿನಿಂದ ಕೂಡಿಸಿ ತಟ್ಟೆಯಂತೆ ಮಾಡಿ, ಅದರ ಅಡಿಯಿಂದ ಸ್ವಲ್ಪ ಗೋಲಿ ಇಳಿಸಿ ಪೊಳ್ಳು ಮಾಡಿದರು. ಗೇಟು ಮುಚ್ಚಿದರು. ತಟ್ಟೆಯ ಮೇಲೆ ಕೆಂಪು ಗೋಲಿ. ಹುಡುಗಿ ಕಡ್ಡಿಯಿಂದ ತಟ್ಟೆಯನ್ನು ಒಡೆದಳು. ತುಂಡುಗಳ ಜೊತೆಗೆ ಕೆಂಪು ಗೋಲಿ ಎರಡು ಬೆರಳಷ್ಟು ಕೆಳಗೆ ಬಿದ್ದು, ಒಂದೆರಡು ಗೋಲಿಗಳ ನಡುವೆ ಹೂತು, ನಿಂತುಬಿಟ್ಟಿತು.

"ಅಷ್ಟೇನಾ?" ಎಂದಳು ಅವಳು.

"ಅಷ್ಟೇ ಅಕ್ಕ."

"ಇನ್ನೂ ಕೆಳಗೆ ಹೋಗಲ್ವಾ?"

"ಗೇಟು ಮುಚ್ಚಿದ್ರೆ ಎಲ್ಲಿಗೆ ಹೋಗುತ್ತೆ? ಕೆಳಗೆ ಜಾಗ ಆದ್ರೆ ತಾನೆ ಮೇಲಿಂದು ಇಳಿಯೋದು."

"ಇನ್ನೊಂದು ಸಲ ಮಾಡಿ."

ಮತ್ತೆ ಎಲ್ಲ ಬಿಚ್ಚಿ ತುಂಬಬೇಕೆಂದರೆ ನಾಲ್ಕು ದಿನದ ಕೆಲಸ. ಅದು ಅವಳದೇ ಕೆಲಸವಾದ್ದರಿಂದ ಹುಡುಗಿ ಒಪ್ಪಿದಳು. ಮತ್ತೆ ಮಾಡಿದರು. ಮತ್ತೆ ಎರಡು ಬೆರಳು. ಮೂರನೇ ಸಲವೂ ಎರಡೇ ಬೆರಳು. "ತುಂಬ ಹೊತ್ತು ಬಿಟ್ರೆ ನಿಧಾನಕ್ಕೆ ಇಳಿಯಬಹುದೇನೋ" ಎಂದು ಅವಳು ಪಟ್ಟು ಹಿಡಿದಾಗ ಅದನ್ನು ಹಾಗೆಯೇ ಬಿಟ್ಟು ಬೀಗ ಹಾಕಿ ಹೋದರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ನೋಡಿದಳು. ಕೆಂಪು ಗೋಲಿ ಇದ್ದಲ್ಲೇ ಇತ್ತು.

ಅವಳು ಪ್ರೊಫೆಸರ ಕೋಣೆಗೆ ಹೋದಳು. ಅವರು ಒಳ್ಳೆಯವರು. ಅವಳ ಅಣ್ಣ ಸತ್ತದ್ದು ಹೇಗೆಂದು ಅವರಿಗೆ ಗೊತ್ತಿತ್ತು. ಅವಳು ಬಾಗಿಲಲ್ಲಿ ನಿಂತಾಗಲೇ ಯಾಕೆ ಬಂದಳೆಂದೂ ಗೊತ್ತಾಗಿರಬೇಕು.

"ಸಾರ್, ತುಂಬಿದ ಡಬ್ಬದಲ್ಲಿ, ಗೇಟು ಮುಚ್ಚಿರೋವಾಗ, ಹೆಪ್ಪು ಒಡೆದು ಒಬ್ಬ ಮನುಷ್ಯ ಬಿದ್ರೆ ಬುಡದವರೆಗೂ ಹೋಗ್ತಾನಾ?"

"ನೋಡಮ್ಮ, ಇದು ಗಾಜು, ಗೋಧಿ ಅಲ್ಲ. ಎಣ್ಣೆಯಲ್ಲಿ ಮುಳುಗಿದೆ. ಅಳತೆಯೂ ಚಿಕ್ಕದು. ಇದನ್ನ ಹಿಡ್ಕೊಂಡು ಹೋದ್ರೆ ಯಾವ ಕೋರ್ಟಲ್ಲೂ ಒಪ್ಪಲ್ಲ."

"ನಾನು ಕೋರ್ಟಿನ ಮಾತು ಕೇಳಲಿಲ್ಲ ಸಾರ್. ನಿಮ್ಮನ್ನ ಕೇಳ್ತಿದೀನಿ."

ಪ್ರೊಫೆಸರು ಮೇಜಿನ ಮೇಲಿದ್ದ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. "ನಿಂತ ಗೋಧಿ ಮನುಷ್ಯನನ್ನ ತಡೆಯುತ್ತೆ. ಮೊಣಕಾಲು, ಹೆಚ್ಚಂದ್ರೆ ಸೊಂಟದವರೆಗೆ ಹೂತಾನು. ಕೆಸರಿನ ಹಾಗೆ ಎಳ್ಕೊಳ್ಳುತ್ತೆ ಅನ್ನೋದೆಲ್ಲ ಸುಳ್ಳು. ಹರಿಯೋ ಗೋಧಿ ಬೇರೆ." ಪೆನ್ನನ್ನು ಪಕ್ಕಕ್ಕಿಟ್ಟು ಹೇಳಿದರು, "ಗೇಟು ಮುಚ್ಚಿದ್ರೆ ಅಲ್ಲಿವರೆಗೆ ಹೋಗಲ್ಲಮ್ಮ."

ಅದು ಶುಕ್ರವಾರ. ಶನಿವಾರವಿಡೀ ಅವಳು ಮನೆಯಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದಳು. ಭಾನುವಾರ ಬೆಳಗ್ಗೆ ಗಂಡ ವಾರದ ಯೂನಿಫಾರಂ ಇಸ್ತ್ರಿ ಮಾಡುತ್ತಿದ್ದ. ಅದು ಅವನ ಕೆಲಸ, ಹೆಂಡತಿಯ ಸೀರೆಯನ್ನೂ ಅವನೇ ಮಾಡುತ್ತಿದ್ದ. ಮಂಚದ ಮೇಲೆ ಕಂಬಳಿ ಮಡಿಸಿ ಹಾಸಿ, ನೀರು ಚಿಮುಕಿಸಿ, ಕಾಲರಿನಿಂದ ಶುರು ಮಾಡಿದ್ದ.

"ಆವತ್ತು ಗೇಟು ತೆಗೆದಿದ್ರಾ?" ಎಂದು ಕೇಳಿದಳು ಅವಳು.

ಯಾವತ್ತು ಎಂದು ಅವನು ಕೇಳಲಿಲ್ಲ. ಅಲ್ಲಿಗೇ ಅವಳಿಗೆ ಉತ್ತರ ಸಿಕ್ಕಿತ್ತು. ಅವನು ಇಸ್ತ್ರಿಪೆಟ್ಟಿಗೆಯನ್ನು ಎತ್ತಿ ನಿಲ್ಲಿಸಿ, ಸ್ವಿಚ್ಚು ಆರಿಸಿ, ಅಂಗಿಯನ್ನು ಪೂರ್ತಿ ಮಡಿಸಿಟ್ಟ. ಆಮೇಲೆ ಮಂಚದ ತುದಿಯಲ್ಲಿ ಕೂತ.

"ನಾಲ್ಕು ಸುತ್ತು ತೆಗೆದೆ" ಎಂದ.

"ಅಣ್ಣ ಮೇಲಿದ್ದದ್ದು ಗೊತ್ತಿತ್ತಾ?"

"ಮೇಲೆ ಹೋಗಿದ್ದು ಗೊತ್ತಿತ್ತು. ಒಳಗೆ ಇಳಿದದ್ದು ಗೊತ್ತಿರಲಿಲ್ಲ. ಏಣಿ ಮೇಲೆ ನಿಂತೇ ಚುಚ್ತಿದ್ರು ಭಾವ ಯಾವಾಗ್ಲೂ. ಮೂರು ಲಾರಿ ನಿಂತಿತ್ತು. ಮ್ಯಾನೇಜರ್ ಬಂದು ತಲೆ ಮೇಲೆ ಕೂತ. 'ಅವನೇನು ಒಳಗೆ ಮಲಗಿದ್ದಾನಾ, ಬಿಡೋ' ಅಂದ. ಬಿಟ್ಟೆ."

"ಮೂರು ಸಲ ಬಡಿಯೋವರೆಗೂ ಮುಟ್ಟಬಾರದಲ್ವಾ?"

"ಬಿಟ್ಟ ಮೇಲೆ ಒಂದು ಸದ್ದು ಬಂತು." ಅವನು ತನ್ನ ಅಂಗೈಗಳನ್ನು ನೋಡಿಕೊಂಡ. "ಒಂದು ಸಲ ಬಡಿದ್ರು. ಇನ್ನೆರಡು ಬರುತ್ತೆ ಅಂತ ಕಾದೆ."

ಅವಳಿಗೆ ಅಳು ಬರಲಿಲ್ಲ. ಬೀದಿಯಲ್ಲಿ ಯಾರೋ ಹಳೆ ಪೇಪರ್ ಕೊಳ್ಳುವವನು ಕೂಗಿಕೊಂಡು ಹೋದ.

"ಆ ದಿನಸಿ ಚೀಲ ಎಲ್ಲ ಇದಕ್ಕಾ?" ಎಂದಳು ಕೊನೆಗೆ.

"ಮೊದಮೊದಲು ಇದಕ್ಕೇ" ಎಂದ ಅವನು. "ಆಮೇಲೆ ಇದಕ್ಕೆ ಅಂತ ಇರಲಿಲ್ಲ."

"ನಾನು ನಿಮ್ಮನ್ನ ದೊಡ್ಡ ಮನಸ್ಸಿನೋರು ಅಂದ್ಕೊಂಡಿದ್ದೆ. ಹನ್ನೆರಡು ವರ್ಷ ಸತ್ತವನ ಮೇಲೆ ಸಿಟ್ಟು ಮಾಡ್ಕೊಂಡು, ನಿಮಗೆ ಬಿಸಿ ಬಿಸಿ ಬಡಿಸಿದೀನಿ."

ಅವನು ಮಡಿಸಿಟ್ಟಿದ್ದ ಅಂಗಿಯನ್ನು ಬಿಚ್ಚಿ ಮತ್ತೆ ಮಡಿಸಿದ.

ಅವಳು ಚಪ್ಪಲಿ ಮೆಟ್ಟಿ ಹೊರಟಳು. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಒಂದೇ ಲೆಕ್ಕಾಚಾರ. ಅತ್ತಿಗೆಗೆ ಹೇಳಬೇಕು, ಇಬ್ಬರೂ ಸೇರಿ ಕಾರ್ಮಿಕ ಅಧಿಕಾರಿಯ ಹತ್ತಿರ ಹೋಗಬೇಕು, ಕನ್ನಡಕದ ಹುಡುಗಿ ತೆಗೆದ ಫೋಟೊಗಳನ್ನು ತೋರಿಸಬೇಕು, ಅಣ್ಣನ ಹೆಸರಿಗೆ ಮೆತ್ತಿದ್ದನ್ನು ತೊಳೆಯಬೇಕು. ಗಂಡನ ಗತಿ ಏನಾದರೂ ಆಗಲಿ. ಅತ್ತಿಗೆ ಇದನ್ನು ಹೇಗೆ ತಡೆದುಕೊಳ್ಳುತ್ತಾಳೋ ಎಂಬ ಒಂದೇ ಭಯ.

ಅತ್ತಿಗೆಯದು ಸೈಕಲ್ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಬಾಲ್ಕನಿಯಲ್ಲಿ ಕೂತು ಬಟ್ಟೆಗೆ ಸೋಪು ಹಾಕುತ್ತಿದ್ದಳು. ಗಿರಣಿಯಲ್ಲಿ ಚೀಲ ಹೊಲಿದು ಹೊಲಿದು ಅವಳ ಬಲಗೈ ಹೆಬ್ಬೆರಳು ಒಂದು ಕಡೆಗೆ ತಿರುಗಿಬಿಟ್ಟಿತ್ತು. ನಾದಿನಿಯ ಮುಖ ನೋಡಿ, "ಏನೇ, ಏನಾಯ್ತು? ಕೂತ್ಕೋ" ಎಂದಳು.

ಅವಳು ನಿಂತೇ ಹೇಳಿದಳು. ಕೆಂಪು ಗೋಲಿ, ಎರಡು ಬೆರಳು, ನಾಲ್ಕು ಸುತ್ತು, ಒಂದು ಸದ್ದು. ಹೇಳುತ್ತ ಹೇಳುತ್ತ ಅತ್ತಿಗೆಯ ಕೈಯನ್ನೇ ನೋಡುತ್ತಿದ್ದಳು. ಆ ಕೈ ಸೋಪು ತಿಕ್ಕುವುದನ್ನು ನಿಲ್ಲಿಸಲೇ ಇಲ್ಲ.

"ಗೊತ್ತು ಕಣೇ" ಎಂದಳು ಅತ್ತಿಗೆ.

"ಏನು ಗೊತ್ತು?"

"ಎಲ್ಲ. ಮೂರನೇ ದಿನವೇ ಬಂದಿದ್ದ ನಿನ್ನ ಗಂಡ. ಈ ಬಾಗಿಲಲ್ಲೇ ಕುಸಿದು ಕೂತ. ಎಲ್ಲ ಹೇಳಿದ. ಪೊಲೀಸರ ಹತ್ತಿರ ಹೋಗ್ತೀನಿ ಅಂದ. ನಾನೇ ಬೇಡ ಅಂದೆ. ನಿನಗೂ ಹೇಳಬೇಡ ಅಂದೆ."

"ಯಾಕೆ ಅತ್ತಿಗೆ?"

"ಯಾಕೆ ಅಂದ್ರೆ? ನಿನಗೆ ಹೇಳಿದ್ರೆ ನೀನು ಅವನನ್ನ ಬಿಟ್ಟು ಬರ್ತಿದ್ದೆ. ಬಂದು ಏನು ಮಾಡ್ತಿದ್ದೆ? ನಿನ್ನ ಗೋಲಿ ಸಂಬಳದಲ್ಲಿ ನಾವು ಮೂವರೂ ತಿನ್ನಬೇಕಿತ್ತಾ? ಅವನು ಜೈಲಿಗೆ ಹೋದ್ರೆ ನಿಮ್ಮಣ್ಣ ಎದ್ದು ಬರ್ತಿದ್ರಾ? ದುಡಿಯೋ ಗಂಡಸು ಅಂತ ಅವನೊಬ್ಬನೇ ಉಳಿದಿದ್ದ." ಅತ್ತಿಗೆ ಬಟ್ಟೆ ಹಿಂಡಿದಳು. "ನನ್ನ ಗಂಡನನ್ನ ಕೊಂದವನ ಕೈಯಿಂದ ಅಕ್ಕಿ ಇಸ್ಕೊಂಡಿದೀನಿ. ತಿಂಗಳು ತಿಂಗಳು. ಅದೇನು ಸುಲಭ ಅಂದ್ಕೊಂಡ್ಯಾ?"

"ಅಣ್ಣನ ತಪ್ಪು ಅಂತ ಬರೆದ್ರಲ್ಲ ಅತ್ತಿಗೆ. ಬೆಲ್ಟು ಕಟ್ಟಿರಲಿಲ್ಲ ಅಂತ."

"ಅದಕ್ಕೆ ನಾನೂ ಸೈನ್ ಹಾಕಿದೀನಿ. ಅವರಿಗೆ ಬೆಲ್ಟು ಹಾಕ್ಕೊಳ್ಳೋ ಅಭ್ಯಾಸ ಇರಲಿಲ್ಲ, ಮನೇಲೂ ಎಷ್ಟೋ ಸಲ ಹೇಳಿದ್ದೆ ಅಂತ."

"ಹೇಳಿದ್ರಾ?"

"ಎಲ್ಲಿಂದ ಹೇಳ್ಲಿ? ಬೆಲ್ಟೇ ಇರಲಿಲ್ಲ ಅಲ್ಲಿ. ಇದ್ದದ್ದೊಂದು ಹರಿದುಹೋಗಿ ಎರಡು ವರ್ಷ ಆಗಿತ್ತು. ಸೈನ್ ಹಾಕಿದ್ರೆ ಕೆಲಸ ಅಂದ್ರು. ಹಾಕಿದೆ."

ಒಳಗಿನ ಕೋಣೆಯಿಂದ ಅಣ್ಣನ ಮಗಳು ತಲೆ ಒರೆಸಿಕೊಳ್ಳುತ್ತ ಬಂದಳು. ಅವಳಿಗೀಗ ಇಪ್ಪತ್ತೆರಡು. ಆರು ತಿಂಗಳಿಂದ ಅದೇ ಗಿರಣಿಯ ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸ. ಸೇರಿಸಿದ್ದು ಅದೇ ಮ್ಯಾನೇಜರು. "ಅತ್ತೆ, ಕಾಫಿ ಮಾಡ್ಲಾ?" ಎಂದಳು. ಆ ಹುಡುಗಿಯ ಮುಖದಲ್ಲಿ ಅಣ್ಣನ ಹುಬ್ಬು, ಅಣ್ಣನ ಕಿವಿ. ಅವಳು ಬೇಡವೆಂದು ತಲೆಯಾಡಿಸಿದಳು.

ಹುಡುಗಿ ಒಳಗೆ ಹೋದ ಮೇಲೆ, "ನಾನು ಅಧಿಕಾರಿಯ ಹತ್ತಿರ ಹೋಗ್ತೀನಿ" ಎಂದಳು.

"ಹೋಗು. ಮೊದಲು ಯಾರನ್ನ ಹಿಡೀತಾರೆ ಗೊತ್ತಾ? ಮ್ಯಾನೇಜರನ್ನಲ್ಲ. ಚಕ್ರ ತಿರುಗಿಸಿದ ಕೈ ಯಾವುದು ಅಂತ ಕೇಳ್ತಾರೆ. ಆಮೇಲೆ ಸುಳ್ಳು ಬರೆದುಕೊಟ್ಟ ನನ್ನನ್ನ. ಆಮೇಲೆ ಇವಳ ಕೆಲಸ. ಇಷ್ಟೆಲ್ಲ ಆದ ಮೇಲೆ ನಿಮ್ಮಣ್ಣನ ಹೆಸರು ಚೆನ್ನಾಗಿ ತೊಳೆದು ಒಣಗಿಸಿ ಇಟ್ಕೋ." ಅತ್ತಿಗೆಯ ದನಿ ಮೊದಲ ಸಲ ಒಡೆಯಿತು. "ನೀನೊಬ್ಬಳಾದ್ರೂ ನೆಮ್ಮದಿಯಾಗಿರ್ಲಿ ಅಂತ ನಾವಿಬ್ಬರೂ ಹೊಟ್ಟೆಗೆ ಹಾಕ್ಕೊಂಡಿದ್ವಿ. ನಿನ್ನನ್ನ ಯಾರು ಹುಡುಕು ಅಂದ್ರು?"

ಮೆಟ್ಟಿಲು ಇಳಿಯುವಾಗ ಅವಳಿಗೆ ಗಂಡನ ಮೇಲಿನ ಸಿಟ್ಟಿಗಿಂತ ಬೇರೆ ಏನೋ ಉರಿಯುತ್ತಿತ್ತು. ಹನ್ನೆರಡು ವರ್ಷ ಆ ಇಬ್ಬರೂ ಅವಳ ಎದುರಿಗೇ ಕೂತು ಊಟ ಮಾಡಿದ್ದರು. ಅಣ್ಣ ಹಾಗೆ ಇಳಿಯಬಾರದಿತ್ತು ಎಂದು ಅವಳು ಕೊರಗಿದಾಗಲೆಲ್ಲ ಇಬ್ಬರೂ ತಟ್ಟೆ ನೋಡಿಕೊಂಡು ಸುಮ್ಮನಿದ್ದರು. ತನ್ನವರೆಂದು ಅವಳಿಗೆ ಇದ್ದವರೇ ಇಬ್ಬರು. ಆ ಇಬ್ಬರ ನಡುವೆ ಅವಳು ಹೊರಗಿನವಳಾಗಿದ್ದಳು.

ಅಧಿಕಾರಿಯ ಕಚೇರಿಗೆ ಒಂದು ದಿನ ಹೋದದ್ದು ನಿಜ. ಹೊರಗಿನ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕೂತಳು. ಹೆಸರು ಕರೆದಾಗ ಒಳಗೆ ಹೋಗದೆ ಎದ್ದು ಬಂದಳು. ಅಣ್ಣನ ಮಗಳ ಹುಬ್ಬು ಕಣ್ಣಿಗೆ ಕಟ್ಟಿತ್ತು.

ಪ್ರೊಫೆಸರ ವರದಿ ಮಾಲೀಕರ ಸಂಘಕ್ಕೆ ಹೋಯಿತು. ಬಾಯಿ ಎಷ್ಟು ಅಗಲವಿರಬೇಕು, ಬುಡ ಎಷ್ಟು ಓರೆಯಿರಬೇಕು ಎಂಬುದೇ ಮುಕ್ಕಾಲು ಪಾಲು. ಗೇಟು ತೆರೆದಿರುವಾಗ ಮೇಲೆ ಯಾರೂ ಇರಬಾರದು ಎಂದು ಒಂದು ಸಾಲು ಇತ್ತು. ಅದನ್ನು ಸೇರಿಸುವಂತೆ ಅವಳೇ ಕನ್ನಡಕದ ಹುಡುಗಿಯನ್ನು ಕೇಳಿಕೊಂಡಿದ್ದಳು. ಗಿರಣಿಯವರು ಡಬ್ಬದ ಏಣಿಯ ಹತ್ತಿರ ಒಂದು ಬೋರ್ಡು ಬರೆಸಿ ಹಾಕಿದರಂತೆ. ಗಂಡ ಬಂದು ಹೇಳಿದ. ಅವಳು ಪಾತ್ರೆ ತೊಳೆಯಲು ಎದ್ದುಹೋದಳು.

ಅವಳು ಮನೆ ಬಿಡಲಿಲ್ಲ. ಹೋಗಲು ಇನ್ನೊಂದು ಮನೆ ಇತ್ತೆಂದರೆ ಅದು ಅತ್ತಿಗೆಯದು, ಅಲ್ಲೂ ಇದೇ ಸುಳ್ಳು ವಾಸವಿತ್ತು. ಅಡುಗೆ ಮಾಡಿಟ್ಟು ತಾನು ಮೊದಲು ಉಂಡುಬಿಡುತ್ತಿದ್ದಳು. ತನ್ನ ಸೀರೆಗಳನ್ನು ಇಸ್ತ್ರಿಗೆ ಹೊರಗೆ ಕೊಡತೊಡಗಿದಳು. ಬೇಕಾದಷ್ಟು ಮಾತು, ಬೇಡದ್ದು ಒಂದೂ ಇಲ್ಲ. ಗಂಡ ಗೋಲಿಯ ತಮಾಷೆಯನ್ನು ಮತ್ತೆ ಯಾರ ಮುಂದೆಯೂ ಹೇಳಲಿಲ್ಲ. ಒಂದೆರಡು ಸಲ ಜಗಳಕ್ಕೆಂದು ಅವಳೇ ಕಾಲು ಕೆರೆದು ನೋಡಿದಳು. ಅವನು ಎಲ್ಲಕ್ಕೂ ಹೌದು ಎನ್ನುತ್ತಿದ್ದ. ಹೌದು ಎನ್ನುವವನ ಜೊತೆ ಜಗಳವಾಡುವುದು ಹೇಗೆ?

ಹೀಗೇ ಆರು ವರ್ಷ ಕಳೆದು ಅವನ ನಿವೃತ್ತಿಯ ದಿನ ಬಂತು. ಗಿರಣಿಯ ಊಟದ ಹಾಲಿನಲ್ಲಿ ಕುರ್ಚಿ ಹಾಕಿದ್ದರು. ಎರಡನೇ ಸಾಲಿನಲ್ಲಿ ಅವಳು, ಪಕ್ಕದಲ್ಲಿ ಅತ್ತಿಗೆ, ಆಚೆ ಅಣ್ಣನ ಮಗಳು. ಆ ಮ್ಯಾನೇಜರು ಈಗ ಕೂದಲೆಲ್ಲ ಉದುರಿ ಡೈರೆಕ್ಟರಾಗಿದ್ದ. ಮೈಕಿನ ಮುಂದೆ ನಿಂತು, "ಮೂವತ್ತು ವರ್ಷ ಗೇಟಿನ ಹತ್ತಿರ ನಿಂತರು. ಒಂದು ದಿನ, ಒಂದೇ ಒಂದು ದಿನ ಇವರ ಕೈಯಲ್ಲಿ ತಪ್ಪು ಆಗಿಲ್ಲ" ಎಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅತ್ತಿಗೆ ತಟ್ಟಿದಳು. ಹಿಂದಿನವರು ನೋಡುತ್ತಿದ್ದಾರೆಂದು ಅವಳೂ ತಟ್ಟಿದಳು. ಒಂದು ಗೋಡೆ ಗಡಿಯಾರ ಕೊಟ್ಟರು. ಎರಡು ಮಾತು ಆಡಿ ಎಂದರು.

ಗಂಡ ಎದ್ದು ನಿಂತ. ಗಡಿಯಾರದ ಪೆಟ್ಟಿಗೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಮೈಕು ಹಿಡಿದ. ಜನರ ನಡುವೆ ಅವಳನ್ನು ಹುಡುಕಿ, ಅವಳ ಮೇಲೆ ಕಣ್ಣು ನೆಟ್ಟು ಹೇಳಿದ, "ನನಗೆ ಈ ಕೆಲಸ ಕೊಡಿಸಿದ್ದು ನಮ್ಮ ಭಾವ. ಆವತ್ತು ಅವರು ಮೇಲಿದ್ರು. ನಾನು ಕೆಳಗೆ..."

ಅಲ್ಲಿಗೆ ದನಿ ನಿಂತಿತು. ಅವಳು ಸೀಟಿನ ತುದಿಗೆ ಬಂದಿದ್ದಳು. ಅತ್ತಿಗೆ ಅವಳ ಮಣಿಕಟ್ಟು ಹಿಡಿದುಕೊಂಡಳು. ಹೇಳಲಿ, ಹೇಳಿಬಿಡಲಿ ಎಂದು ಅವಳ ಇಡೀ ಮೈ ಕಾದಿತ್ತು. ಅಷ್ಟರಲ್ಲಿ ಮುಂದಿನ ಸಾಲಿನವರು ಪಾಪ, ಗಂಟಲು ಕಟ್ಟಿತು ಎಂದುಕೊಂಡು ಚಪ್ಪಾಳೆ ತಟ್ಟಲು ಶುರು ಮಾಡಿದರು. ಇಡೀ ಸಭೆಯೇ ತಟ್ಟಿತು. ಡೈರೆಕ್ಟರು ಬಂದು ಅವನ ಹೆಗಲ ಮೇಲೆ ಕೈಹಾಕಿ ಮೈಕನ್ನು ಮೆಲ್ಲಗೆ ತೆಗೆದುಕೊಂಡ. ಗಂಡ ಬಂದು ಕೂತ. ಅವಳು ಮಣಿಕಟ್ಟನ್ನು ಬಿಡಿಸಿಕೊಂಡಳು.

ಮನೆಗೆ ಹೋಗುವ ಬಸ್ಸಿನಲ್ಲಿ ಇಬ್ಬರಿಗೂ ಒಂದೇ ಸೀಟು ಸಿಕ್ಕಿತು. ನಾಲ್ಕು ಸ್ಟಾಪು ದಾಟುವವರೆಗೆ ಅವನು ಪೆಟ್ಟಿಗೆಯ ದಾರವನ್ನು ಬಿಚ್ಚುತ್ತ ಕಟ್ಟುತ್ತ ಇದ್ದ.

"ಹೇಳೋಣ ಅಂತಲೇ ಎದ್ದಿದ್ದೆ" ಎಂದ.

"ಗೊತ್ತಾಯ್ತು."

"ಅವರು ಚಪ್ಪಾಳೆ ತಟ್ಟಿಬಿಟ್ರು."

ಅವಳು ಕಿಟಕಿಯ ಕಡೆ ತಿರುಗಿದಳು. ಕಂಡಕ್ಟರು ಬಂದು ನಿಂತ. ಗಂಡನ ಕೈಯಲ್ಲಿ ಪೆಟ್ಟಿಗೆ ಇದ್ದದ್ದರಿಂದ ಅವಳೇ ಪರ್ಸು ತೆಗೆದು ಎರಡು ಟಿಕೆಟ್ ತೆಗೆದುಕೊಂಡಳು.